ಅಮ್ಮನ ಲೆಕ್ಕದ ಪುಸ್ತಕಕ್ಕೆ ಬೀಗ ಹಾಕಲು ಯಾರ ಅನುಮತಿ ಬೇಕು?

2019ರ ಡಿಸೆಂಬರ್. ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯ ಅಂಗಳದ ತುಂಬ ಅಡಿಕೆ ಹರಡಿತ್ತು. ನಾನು ಬೆಂಗಳೂರಿನಿಂದ ರಜೆಯಲ್ಲಿ ಬಂದಿದ್ದೆ. ಬೆಳಗ್ಗೆ ಜಗಲಿಯಲ್ಲಿ ಕುಳಿತು ಮೇಲ್ ತೆರೆದರೆ ಪರಿಚಯವಿಲ್ಲದವರ ಒಂದು ಪತ್ರ. ಹೊರದೇಶದ ಒಂದು ಸಣ್ಣ ಸಂಸ್ಥೆಯವರು. ಅಲ್ಲಿನ ಹಳ್ಳಿಗಳ ಉಳಿತಾಯ ಗುಂಪುಗಳಿಗೆ ನನ್ನ ಲೆಕ್ಕದ ಆ್ಯಪ್ ಬಳಸಬೇಕು ಅಂತ ಅವರಿಗೆ ಆಸೆ. ಕೋಡ್ ಪೂರ್ತಿ ಓದಿದ್ದಾರೆ, ಇಷ್ಟವಾಗಿದೆ. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ನೀವು ಬಳಸಿದ ಎನ್‌ಕ್ರಿಪ್ಷನ್ (ಕೀಲಿ ಇಲ್ಲದವರು ಓದಲಾಗದಂತೆ ಡೇಟಾಕ್ಕೆ ಬೀಗ ಹಾಕುವ) ವಿಧಾನಗಳಲ್ಲಿ ಯಾವುದಕ್ಕೆಲ್ಲ ಪೇಟೆಂಟ್ ಇದೆ? ಇದ್ದರೆ ನಿಮಗೆ ಅನುಮತಿ ಸಿಕ್ಕಿದೆಯೇ? ಆ ಅನುಮತಿ ನಮಗೂ ಸಿಗುತ್ತದೆಯೇ?

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಸರಿಯಾಗಿ ಬರೆದು ಕಳಿಸಲು ಏಳು ತಿಂಗಳು ಹಿಡಿಯಿತು.

ಆ್ಯಪ್ ಹುಟ್ಟಿದ್ದು ಅಮ್ಮನಿಗಾಗಿ. ಅಮ್ಮ ನಮ್ಮ ಊರಿನ ಕುಟುಂಬಶ್ರೀ, ಅಂದರೆ ಕೇರಳದ ಮಹಿಳಾ ಸ್ವಸಹಾಯ ಯೋಜನೆಯ, ಕೂಟದ ಕಾರ್ಯದರ್ಶಿ. ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಾರೆ. ಉಳಿತಾಯದ ದುಡ್ಡು, ಸಾಲದ ಕಂತು, ಬಡ್ಡಿ, ಹಲಸಿನ ಹಪ್ಪಳ ಮಾರಿದ ಲೆಕ್ಕ, ಎಲ್ಲ ಒಂದು ಉದ್ದದ ಪುಸ್ತಕದಲ್ಲಿ. ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಆ್ಯಪ್‌ಗಳಿದ್ದವು. ಅಮ್ಮನ ಕೂಟದಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಹಾಗಾಗಿ 2017ರಲ್ಲಿ ನಾನೇ ಕನ್ನಡದಲ್ಲಿ ಒಂದು ಬರೆದೆ. ಕೋಡ್ ಎಲ್ಲರಿಗೂ ಸಿಗಲಿ ಎಂದು ಹೆಚ್ಚು ಷರತ್ತಿಲ್ಲದ ಎಂಐಟಿ ಲೈಸೆನ್ಸ್ ಹಾಕಿ ಓಪನ್ ಸೋರ್ಸ್ ಮಾಡಿದೆ. ಕೇರಳದ ಶಾಲೆಯಲ್ಲಿ ಗ್ನು ಲಿನಕ್ಸ್ ಎಂಬ ಮುಕ್ತ ಸಾಫ್ಟ್‌ವೇರ್ ಮೇಲೆ ಕಂಪ್ಯೂಟರ್ ಕಲಿತವಳು ನಾನು. ಪಡೆದದ್ದನ್ನು ದಾಟಿಸಬೇಕು ಎಂಬುದು ನನಗೆ ಅಲ್ಲಿಂದಲೇ ಬಂದದ್ದು.

ಎನ್‌ಕ್ರಿಪ್ಷನ್ ಯಾಕೆ ಬೇಕಾಯಿತು ಅಂದರೆ, ಸಾಲದ ವಿಷಯ ಮಾನದ ವಿಷಯ. ಯಾರು ಎಷ್ಟು ತೆಗೆದುಕೊಂಡರು, ಯಾರ ಕಂತು ಬಾಕಿ, ಇದು ಕೂಟದ ಹೆಂಗಸರಿಗೆ ಮಾತ್ರ ಗೊತ್ತಿರಬೇಕು. ಆದರೆ ಫೋನ್ ಒಬ್ಬರದ್ದೇ ಆಗಿರುವುದಿಲ್ಲ. ಮಗ ಆಟಕ್ಕೆ ತೆಗೆಯುತ್ತಾನೆ, ಗಂಡ ವಾಟ್ಸ್ಆ್ಯಪ್ ನೋಡುತ್ತಾನೆ. ಬ್ಯಾಕಪ್ ಫೈಲ್ ಯಾವುದೋ ಡ್ರೈವ್‌ಗೆ ಹೋಗುತ್ತದೆ. ಹಾಗಾಗಿ ಬೀಗ ಹಾಕಿದೆ. ಆಗ ನಾನು ನೋಡಿದ್ದು ಎರಡೇ ವಿಷಯ: ಬೀಗ ಗಟ್ಟಿ ಉಂಟಾ, ಹಳೆ ಫೋನಿನಲ್ಲಿ ಬೇಗ ಕೆಲಸ ಮಾಡುತ್ತದಾ. ಬೀಗದ ವಿನ್ಯಾಸ ಯಾರದ್ದು ಅಂತ ನೋಡಿರಲಿಲ್ಲ.

ಪತ್ರ ಬಂದ ವಾರ ಮೊದಲ ಕೆಲಸ ಪಟ್ಟಿ ಮಾಡುವುದು. ಕೋಡ್ ಪೂರ್ತಿ ಜಾಲಾಡಿದೆ. ಪಾಸ್‌ವರ್ಡ್‌ನಿಂದ ಕೀಲಿ ತಯಾರಿಸಲು ಪಿಬಿಕೆಡಿಎಫ್2. ಫೈಲ್ ಮುಚ್ಚಲು ಎಇಎಸ್, ಅದನ್ನು ಓಡಿಸುವ ಕ್ರಮ ಒಸಿಬಿ. ಎರಡು ಫೋನುಗಳ ನಡುವೆ ಲೆಕ್ಕ ಹೊಂದಿಸುವಾಗ ಕೀಲಿ ಒಪ್ಪಂದಕ್ಕೆ ಕರ್ವ್25519. ಇದಿಷ್ಟು ನನಗೆ ನೆನಪಿತ್ತು. ನೆನಪಿಲ್ಲದ್ದೂ ಸಿಕ್ಕಿತು. ಮೊದಲ ತಿಂಗಳಲ್ಲಿ ಅವಸರಕ್ಕೆ ಒಂದು ಹಳೆಯ ಲೈಬ್ರರಿಯನ್ನು (ಬೇರೆಯವರು ಬರೆದಿಟ್ಟ ಕೋಡಿನ ಕಟ್ಟನ್ನು) ಇಡಿಯಾಗಿ ಒಳಗೆ ತಂದಿದ್ದೆ. ಅದರಲ್ಲಿ ಐಡಿಯಾ, ಆರ್‌ಸಿ5, ಬ್ಲೋಫಿಶ್ ಎಂಬ ಬೇರೆ ಎನ್‌ಕ್ರಿಪ್ಷನ್ ವಿಧಾನಗಳೆಲ್ಲ ಇದ್ದವು. ಯಾವುದನ್ನೂ ಆ್ಯಪ್ ಕರೆಯುತ್ತಿರಲಿಲ್ಲ. ಆದರೂ ಕೋಡ್ ನನ್ನ ಹೆಸರಿನಲ್ಲಿ ಹಂಚಿಕೆಯಾಗುತ್ತಿತ್ತು.

ಇಲ್ಲಿಂದ ಓದು ಶುರುವಾಯಿತು. ಓದಿದಷ್ಟೂ ನನಗೆ ಆಶ್ಚರ್ಯ.

ಐಡಿಯಾ ಎಂಬ ಅಲ್ಗಾರಿದಮ್ (ಹಂತ ಹಂತದ ಲೆಕ್ಕದ ವಿಧಾನ) 1991ರದ್ದು. ಜ್ಯೂರಿಕ್‌ನಲ್ಲಿ ಷುಯೆಜಿಯಾ ಲಾಯ್ ಮತ್ತು ಜೇಮ್ಸ್ ಮ್ಯಾಸಿ ರೂಪಿಸಿದ್ದು. ಮೇಲ್‌ಗೆ ಬೀಗ ಹಾಕುವ ಪಿಜಿಪಿ ಎಂಬ ಸಾಫ್ಟ್‌ವೇರ್‌ನ ಆರಂಭದ ಆವೃತ್ತಿಗಳಲ್ಲಿ ಇದೇ ಇತ್ತು. ಪೇಟೆಂಟ್ ಇದ್ದವರು ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತವಾಗಿ ಬಿಟ್ಟಿದ್ದರು. ಕೇಳಲು ಒಳ್ಳೆಯದೇ, ಅಲ್ವಾ? ಆದರೆ ಅಮ್ಮನ ಕೂಟ ಹಪ್ಪಳ ಮಾರುತ್ತದೆ. ಅದು ವ್ಯಾಪಾರವೋ ಅಲ್ಲವೋ? ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು ಎಂಬ ಮಾತು. ಹಪ್ಪಳ ಮಾರುವವರು ಬಳಸಬಾರದು ಎಂಬ ಷರತ್ತು ಅದರ ಜೊತೆ ಕೂರುವುದಿಲ್ಲ. ಪಿಜಿಪಿಯಂಥದ್ದೇ ಓಪನ್ ಸೋರ್ಸ್ ಸಾಫ್ಟ್‌ವೇರ್ ಆದ ಗ್ನುಪಿಜಿ ಬರೆದವರು ಈ ಕಾರಣಕ್ಕೇ ಐಡಿಯಾವನ್ನು ವರ್ಷಗಟ್ಟಲೆ ಹೊರಗಿಟ್ಟಿದ್ದರು. ಪೇಟೆಂಟ್ ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2012ರ ಜನವರಿಯಲ್ಲಿ ಮುಗಿದ ಮೇಲೆಯೇ ಅದು ಒಳಗೆ ಬಂದದ್ದು.

1999ರಲ್ಲಿ ಗ್ನುಪಿಜಿಯ ಮೊದಲ ಆವೃತ್ತಿ ಬಂದಾಗ ಅದರಲ್ಲಿ ಆರ್‌ಎಸ್‌ಎ ಎಂಬ ಹೆಸರಾಂತ ವಿಧಾನ ಕೂಡ ಇರಲಿಲ್ಲ. ಅದರ ಬದಲು ಎಲ್‌ಗಮಾಲ್ ಮತ್ತು ಡಿಎಸ್‌ಎ ಇದ್ದವು. ಯಾಕೆಂದರೆ ಆರ್‌ಎಸ್‌ಎ ಪೇಟೆಂಟ್ 2000ದ ಸೆಪ್ಟೆಂಬರ್‌ವರೆಗೆ ಜೀವಂತವಾಗಿತ್ತು. ಅದೂ ಅಮೆರಿಕದಲ್ಲಿ ಮಾತ್ರ. ರಿವೆಸ್ಟ್, ಶಮೀರ್, ಏಡಲ್‌ಮನ್ ಅವರ ವಿಧಾನ 1977ರ ಆಗಸ್ಟ್‌ನಲ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಪೇಟೆಂಟ್ ಅರ್ಜಿ ಹಾಕಿದ್ದು ಡಿಸೆಂಬರ್‌ನಲ್ಲಿ. ಮೊದಲೇ ಪ್ರಕಟವಾದದ್ದಕ್ಕೆ ಹೆಚ್ಚಿನ ದೇಶಗಳಲ್ಲಿ ಪೇಟೆಂಟ್ ಸಿಗುವುದಿಲ್ಲ. ಅಮೆರಿಕದಲ್ಲಿ ಆಗ ಒಂದು ವರ್ಷದ ರಿಯಾಯಿತಿ ಇತ್ತು. ಆ ನಾಲ್ಕು ತಿಂಗಳ ಅಂತರದಿಂದ ಒಂದೇ ಗಣಿತ ಒಂದು ದೇಶದಲ್ಲಿ ಬೇಲಿಯೊಳಗೆ, ಇನ್ನೊಂದು ದೇಶದಲ್ಲಿ ಬಯಲಿನಲ್ಲಿ.

ಫೆಬ್ರವರಿಯಲ್ಲಿ ಅಕ್ಕನ ಗಂಡನನ್ನು ಕೇಳಿದೆ. ಭಾವ ಕಾಸರಗೋಡು ಕೋರ್ಟಿನಲ್ಲಿ ವಕೀಲರು.

"ಜಾಗದ ತಕರಾರು ಆದರೆ ಕೇಳು, ಹೇಳ್ತೇನೆ. ಇದು ನನ್ನ ಕೈಗೆ ಸಿಗುವಂಥದ್ದಲ್ಲ. ಪೇಟೆಂಟ್ ಏಜೆಂಟ್ ಅಂತ ಪರೀಕ್ಷೆ ಪಾಸಾದವರು ಬೇರೆಯೇ ಇದ್ದಾರೆ. ಮಂಗಳೂರಿನಲ್ಲಿ ಪರಿಚಯದವರು ಒಬ್ಬರು ಉಂಟು. ಹೋಗಿ ಮಾತಾಡು," ಎಂದರು.

ಹೋದೆ. ಐವತ್ತರ ಆಸುಪಾಸಿನ ಮಹಿಳೆ. ನನ್ನ ಪಟ್ಟಿ ನೋಡಿ, "ನೀವೇ ಬರೆದದ್ದಾ ಇದು? ಹೆಚ್ಚಿನವರು ಪಟ್ಟಿ ಮಾಡದೆಯೇ ಬರುತ್ತಾರೆ," ಎಂದರು. ನನಗೆ ಧೈರ್ಯ ಬಂತು.

ನಾನು ಕೇಳಿದ ಮೊದಲ ಪ್ರಶ್ನೆ: ಭಾರತದಲ್ಲಿ ಅಲ್ಗಾರಿದಮ್‌ಗೆ ಪೇಟೆಂಟ್ ಇಲ್ಲವಲ್ಲ, ಮತ್ತೆ ನಾನು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಅವರು ಕಪಾಟಿನಿಂದ ಪುಸ್ತಕ ತೆಗೆದು ಸೆಕ್ಷನ್ 3ರ ಪುಟ ತೋರಿಸಿದರು. ಪೇಟೆಂಟ್ ಕಾಯ್ದೆ, 1970. ಅದರ 3(ಕೆ) ಪ್ರಕಾರ ಗಣಿತದ ವಿಧಾನ, ವ್ಯವಹಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಮ್, ಅಲ್ಗಾರಿದಮ್, ಇವು ಯಾವುವೂ ಆವಿಷ್ಕಾರವಲ್ಲ. 2002ರ ತಿದ್ದುಪಡಿಯಲ್ಲಿ ಬಂದ ಮಾತು. 2004ರ ಕೊನೆಯಲ್ಲಿ ಸುಗ್ರೀವಾಜ್ಞೆಯ ಮೂಲಕ ಇದನ್ನು ಸಡಿಲಿಸಿದ್ದರು. 2005ರಲ್ಲಿ ಸಂಸತ್ತಿನಲ್ಲಿ ಕಾಯ್ದೆ ಪಾಸಾಗುವಾಗ ಆ ಸಡಿಲಿಕೆ ಬಿದ್ದುಹೋಯಿತು.

ನಾನು ನಿಟ್ಟುಸಿರು ಬಿಟ್ಟೆ. ಅವರು ಬಿಡಲಿಲ್ಲ. "ಆ 'ಬರೀ' ಎಂಬ ಪದದ ಮೇಲೆ ಬೆರಳಿಡಿ," ಎಂದರು. ಪ್ರೋಗ್ರಾಮ್ ಜೊತೆಗೆ ತಾಂತ್ರಿಕ ಪರಿಣಾಮ ಇದೆ ಎಂದು ತೋರಿಸಿದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2019ರ ಡಿಸೆಂಬರ್ 12ರಂದು ದೆಹಲಿ ಹೈಕೋರ್ಟ್ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಇದನ್ನೇ ಹೇಳಿತ್ತು. ನನಗೆ ಪತ್ರ ಬಂದ ತಿಂಗಳಲ್ಲೇ.

ಇನ್ನೊಂದು ಮಾತು ಅವರು ಹೇಳಿದ್ದು ಹೆಚ್ಚು ತಟ್ಟಿತು. "ನಿಮ್ಮ ಪ್ರಶ್ನೆ ನಿಮ್ಮ ಬಗ್ಗೆ ಅಲ್ಲ. ನೀರ್ಚಾಲಿನಲ್ಲಿ ಕುಳಿತು ಬರೆದ ನಿಮ್ಮನ್ನು ಅಮೆರಿಕದ ಪೇಟೆಂಟ್ ಮುಟ್ಟುವುದಿಲ್ಲ. ಪೇಟೆಂಟ್ ಆಯಾ ದೇಶದ ಗಡಿಯಲ್ಲಿ ನಿಲ್ಲುತ್ತದೆ. ಆದರೆ ನಿಮ್ಮ ಕೋಡ್ ನಿಲ್ಲುವುದಿಲ್ಲ. ಅದನ್ನು ಅಲ್ಲಿ ಇಳಿಸಿಕೊಂಡು ಬಳಸುವವರನ್ನು ಮುಟ್ಟುತ್ತದೆ."

ಎದ್ದು ಹೊರಡುವಾಗ ಒಂದು ಎಚ್ಚರಿಕೆ ಕೊಟ್ಟರು. ಪೇಟೆಂಟ್ ಇದೆ ಅಂತ ಗೊತ್ತಿದ್ದೂ ಬಳಸಿದರೆ ಅಮೆರಿಕದ ಕೋರ್ಟು ಪರಿಹಾರವನ್ನು ಮೂರು ಪಟ್ಟಿನವರೆಗೆ ಹೆಚ್ಚಿಸಬಹುದು. ಹಾಗಾಗಿ ಅಲ್ಲಿನ ಹಲವು ಕಂಪನಿಗಳು ತಮ್ಮ ಎಂಜಿನಿಯರುಗಳಿಗೆ ಪೇಟೆಂಟ್ ಓದಲೇಬೇಡಿ ಎನ್ನುತ್ತವಂತೆ. ನಾನು ಓದುವುದು ಅಂತ ನಿರ್ಧಾರ ಮಾಡಿದೆ. ಗೊತ್ತಿಲ್ಲ ಅಂತ ಸುಮ್ನೆ ಕೂತು, ಮುಂದಿನವರ ಕೈಗೆ ಕೋಡ್ ಕೊಡುವುದು ನನ್ನಿಂದ ಆಗುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಕೊರೊನಾ ಬಂತು. ನಾನು ಊರಿಗೆ ಬಂದು ಇಲ್ಲಿಯೇ ಉಳಿದೆ. ತಲಪಾಡಿಯಲ್ಲಿ ಗಡಿ ಮುಚ್ಚಿತು. ಮಂಗಳೂರು ಒಂದೂವರೆ ಗಂಟೆಯ ದಾರಿ, ಆದರೆ ಹೋಗುವಂತಿಲ್ಲ. ಆಮೇಲೆ ಅವರೊಡನೆ ಎಲ್ಲ ಮಾತು ಫೋನಿನಲ್ಲೇ.

ಪಟ್ಟಿಯಲ್ಲಿ ಹೆಚ್ಚಿನವು ಬೇಗ ಬಗೆಹರಿದವು. ಎಇಎಸ್‌ ಬಗ್ಗೆ ಚಿಂತೆಯೇ ಇಲ್ಲ. 1997ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಸ್ಪರ್ಧೆ ಕರೆದಾಗಲೇ, ಆಯ್ಕೆಯಾದ ಅಲ್ಗಾರಿದಮ್ ಇಡೀ ಜಗತ್ತಿಗೆ ರಾಯಧನವಿಲ್ಲದೆ ಸಿಗಬೇಕು ಎಂಬ ಷರತ್ತು ಇತ್ತು. ಹದಿನೈದು ಬಂದವು, ಐದು ಉಳಿದವು, 2000ದ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಡಾಮನ್ ಮತ್ತು ರೈಮನ್ ಅವರ ರೈನ್‌ಡಾಲ್ ಗೆದ್ದು ಎಇಎಸ್ ಆಯಿತು. ಬ್ಲೋಫಿಶ್‌ಗೆ ಪೇಟೆಂಟ್ ಇಲ್ಲ ಎಂದು ಅದನ್ನು ರೂಪಿಸಿದ ಬ್ರೂಸ್ ಷ್ನಯರ್ 1993ರಲ್ಲೇ ಬಿಟ್ಟುಕೊಟ್ಟಿದ್ದರು. ಆರ್‌ಸಿ5ರ ಅವಧಿ ಮುಗಿದಿತ್ತು. ಆದರೂ ಬಳಸದ ಕೋಡ್ ಇಟ್ಟುಕೊಳ್ಳುವುದು ಯಾಕೆ? ಮೂರನ್ನೂ ಒಂದೇ ಸಂಜೆ ಕಿತ್ತು ಹಾಕಿದೆ.

ಕರ್ವ್25519 ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಕೂತೆ. ಅದು ಎಲಿಪ್ಟಿಕ್ ಕರ್ವ್ ಎಂಬ ಗಣಿತದ ವಕ್ರರೇಖೆಗಳ ಮೇಲೆ ನಿಂತ ವಿಧಾನ. ಎಲಿಪ್ಟಿಕ್ ಕರ್ವ್ ಅಂದರೆ, ಪೇಟೆಂಟ್ ಕಾರಣಕ್ಕೆ, ಜನ ಹೆದರುತ್ತಿದ್ದ ಕಾಲವೊಂದಿತ್ತು. ಮೂಲ ಯೋಚನೆ 1985ರದ್ದು. ನೀಲ್ ಕೋಬ್ಲಿಟ್ಸ್ ಮತ್ತು ವಿಕ್ಟರ್ ಮಿಲ್ಲರ್ ಬೇರೆ ಬೇರೆಯಾಗಿ ಹೊಳೆಯಿಸಿಕೊಂಡದ್ದು. ಅದಕ್ಕೆ ಪೇಟೆಂಟ್ ಇಲ್ಲ. ಆದರೆ ಅದನ್ನು ಬೇಗ ಲೆಕ್ಕ ಮಾಡುವ ಉಪಾಯಗಳ ಮೇಲೆ ಕೆನಡಾದ ಸರ್ಟಿಕಾಂ ಕಂಪನಿ ನೂರಕ್ಕೂ ಹೆಚ್ಚು ಪೇಟೆಂಟ್ ಇಟ್ಟುಕೊಂಡಿತ್ತು. 2003ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಅವುಗಳಲ್ಲಿ ಇಪ್ಪತ್ತಾರಕ್ಕೆ ಎರಡೂವರೆ ಕೋಟಿ ಡಾಲರ್ ಕೊಟ್ಟಿತು. ಫೆಡೋರಾ ಲಿನಕ್ಸ್ ತನ್ನ ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿಯಿಂದ ಈ ಭಾಗವನ್ನೇ ಕತ್ತರಿಸಿ ಹಂಚುತ್ತಿತ್ತು, 2013ರವರೆಗೆ.

ದಾರಿ ಬಿಡಿಸಿದ್ದು ತಾರೀಖು. 2011ರಲ್ಲಿ ಆರ್‌ಎಫ್‌ಸಿ 6090 ಎಂಬ ಇಂಟರ್ನೆಟ್ ತಾಂತ್ರಿಕ ಕಡತ ಬಂತು. ಅದನ್ನು ಬರೆದವರು 1994ರಲ್ಲಿ ಮತ್ತು ಅದಕ್ಕಿಂತ ಮೊದಲು ಪ್ರಕಟವಾದ ಲೇಖನಗಳನ್ನು ಆಧಾರವಾಗಿಟ್ಟು ಎಲಿಪ್ಟಿಕ್ ಕರ್ವ್ ವಿಧಾನವನ್ನು ಕಟ್ಟಿ ತೋರಿಸಿದರು. ಅದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಪೇಟೆಂಟ್ ಅವಧಿ ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ. ಒಂದು ವಿಧಾನ ಇಪ್ಪತ್ತು ವರ್ಷಕ್ಕಿಂತ ಹಿಂದೆ ಬಹಿರಂಗವಾಗಿ ಪ್ರಕಟವಾಗಿದ್ದರೆ, ಅದೇ ವಿಧಾನದ ಮೇಲೆ ಇವತ್ತು ಗಟ್ಟಿ ಹಕ್ಕು ಸಾಧಿಸುವುದು ಬಹಳ ಕಷ್ಟ. ಅವತ್ತೇ ಕೋಡ್ ಜೊತೆ ಒಂದು ಹೊಸ ಫೈಲ್ ಶುರು ಮಾಡಿದೆ. ಒಂದೊಂದು ಅಲ್ಗಾರಿದಮ್‌ಗೆ ಒಂದೊಂದು ಸಾಲು: ಮೊದಲು ಪ್ರಕಟವಾದ ವರ್ಷ, ಬರೆದವರು ಹಕ್ಕಿನ ಬಗ್ಗೆ ಏನು ಹೇಳಿದ್ದಾರೆ, ನಾನು ನೋಡಿದ ದಿನ.

ಆ ಫೈಲಿನಲ್ಲಿ ಒಸಿಬಿಯ ಸಾಲು ಮಾತ್ರ ತುಂಬಲು ಆಗುತ್ತಿರಲಿಲ್ಲ.

ಒಸಿಬಿ ಏನು ಮಾಡುತ್ತದೆ ಅಂದರೆ, ಅಡಿಕೆ ಗೋಣಿಯನ್ನು ಯೋಚಿಸಿ. ಬಾಯಿ ಹೊಲಿಯುವುದು ಒಂದು ಕೆಲಸ. ದಾರಿಯಲ್ಲಿ ಯಾರೂ ಬಿಚ್ಚಿ ಕಲಬೆರಕೆ ಮಾಡಿಲ್ಲ ಎಂದು ಗೊತ್ತಾಗಲು ಮುದ್ರೆ ಒತ್ತುವುದು ಇನ್ನೊಂದು ಕೆಲಸ. ಎನ್‌ಕ್ರಿಪ್ಷನ್‌ನಲ್ಲಿಯೂ ಹಾಗೆ, ಮೊದಲೆಲ್ಲ ಡೇಟಾದ ಮೇಲೆ ಎರಡು ಸಲ ಹಾದುಹೋಗಬೇಕಿತ್ತು. ಒಸಿಬಿ ಹೊಲಿಯುತ್ತಲೇ ಮುದ್ರೆಯನ್ನೂ ಒತ್ತಿಬಿಡುತ್ತದೆ. ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಫಿಲಿಪ್ ರೋಗವೇ 2001ರ ಹೊತ್ತಿಗೆ ರೂಪಿಸಿದ್ದು. ಬಹಳ ಚಂದದ ಕೆಲಸ, ಇವತ್ತಿಗೂ ನನಗೆ ಅದರ ಮೇಲೆ ಪ್ರೀತಿ.

ಅವರ ಅಮೆರಿಕದ ಪೇಟೆಂಟ್‌ಗಳಲ್ಲಿ ಒಂದನ್ನು, 2006ರಲ್ಲಿ ಮಂಜೂರಾದ 7,046,802 ನಂಬರಿನದ್ದನ್ನು, ಪ್ರಿಂಟ್ ತೆಗೆಸಿಕೊಂಡು ಬಂದಿದ್ದೆ. ಜಗಲಿಯಲ್ಲಿ ಚಾಪೆ ಹಾಸಿ ಕುಳಿತೆ. ಗಾಳಿಗೆ ಹಾಳೆ ಹಾರದಂತೆ ನಾಲ್ಕು ಮೂಲೆಗೂ ಒಂದೊಂದು ಗೋಟಡಿಕೆ. ಏಜೆಂಟ್ ಮೇಡಂ ಮೊದಲೇ ಹೇಳಿದ್ದರು: ಮುಖಪುಟದ ಸಾರಾಂಶ ಓದಿ ಹೆದರಬೇಡಿ, ಚಿತ್ರ ನೋಡಿ ಸಮಾಧಾನವನ್ನೂ ಪಡಬೇಡಿ. ಕೊನೆಯಲ್ಲಿ ನಂಬರ್ ಹಾಕಿ ಬರೆದ ಕ್ಲೇಮುಗಳೇ ನಿಜವಾದ ಬೇಲಿ. ಒಂದು ಕ್ಲೇಮಿನಲ್ಲಿ ಹೇಳಿದ ಎಲ್ಲ ಅಂಶವೂ ನಿಮ್ಮ ಕೋಡಿನಲ್ಲಿ ಇದ್ದರೆ ಮಾತ್ರ ನೀವು ಬೇಲಿಯ ಒಳಗೆ. ಒಂದು ಅಂಶ ಇಲ್ಲದಿದ್ದರೂ ಹೊರಗೆ.

ಕಾಗದದ ಎಡಕ್ಕೆ ಕ್ಲೇಮಿನ ಒಂದೊಂದು ತುಂಡು, ಬಲಕ್ಕೆ ನನ್ನ ಕೋಡಿನ ಸಾಲಿನ ನಂಬರ್ ಬರೆಯುತ್ತಾ ಹೋದೆ. ಹದಿನಾರು ಬೈಟಿನ ಒಂದೊಂದು ತುಂಡಿಗೂ ಬೇರೆ ಬೇರೆ ಆಫ್‌ಸೆಟ್ ಬೆರೆಸುವುದು, ಎನ್‌ಕ್ರಿಪ್ಟ್ ಮಾಡುವುದು, ಮತ್ತೆ ಅದೇ ಆಫ್‌ಸೆಟ್ ಬೆರೆಸುವುದು, ಎಲ್ಲ ತುಂಡುಗಳ ಒಟ್ಟು ಮೊತ್ತದಿಂದ ಕೊನೆಯ ಮುದ್ರೆ ಮಾಡುವುದು. ಬಲಗಡೆ ಎಲ್ಲ ಸಾಲೂ ತುಂಬಿತು. ಖಾಲಿ ಬಿಟ್ಟದ್ದು ಒಂದೂ ಇಲ್ಲ.

ರೋಗವೇ ಕಟುಕರಲ್ಲ. 2013ರಲ್ಲಿ ಅವರು ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಉಚಿತ ಅನುಮತಿ ಬರೆದು ಕೊಟ್ಟಿದ್ದರು. ಉಳಿದ ಸಾಫ್ಟ್‌ವೇರ್‌ಗೆ ಇನ್ನೊಂದು ಅನುಮತಿ ಇತ್ತು, ಸೇನೆಯ ಕೆಲಸಕ್ಕೆ ಬಳಸಬಾರದು ಎಂಬ ಷರತ್ತಿನೊಂದಿಗೆ. ಅವರ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ನನ್ನ ಕೋಡ್ ಎಂಐಟಿ ಲೈಸೆನ್ಸ್‌ನಲ್ಲಿ ಇತ್ತು. ಅದನ್ನು ಯಾರಾದರೂ ತೆಗೆದುಕೊಂಡು ತಮ್ಮ ಮುಚ್ಚಿದ ಸಾಫ್ಟ್‌ವೇರ್‌ನಲ್ಲಿ ಸೇರಿಸಬಹುದು. ಸೇರಿಸಿದ ಕ್ಷಣ ಅವರ ಮಟ್ಟಿಗೆ ಮೊದಲ ಅನುಮತಿ ಹೋಗಿ ಎರಡನೆಯದು ಬರುತ್ತದೆ. ನಾನು ಯಾವ ಷರತ್ತೂ ಇಲ್ಲ ಅಂತ ಕೊಟ್ಟದ್ದಕ್ಕೆ ನನಗೆ ಗೊತ್ತಿಲ್ಲದೆಯೇ ಒಂದು ಷರತ್ತು ಅಂಟಿಕೊಂಡಿತ್ತು.

ಅಷ್ಟೇ ಅಲ್ಲ. ಅದೇ ಹೊತ್ತಿಗೆ ಐಬಿಎಂನ ಚರಂಜಿತ್ ಜುಟ್ಲಾ ಇಂಥದ್ದೇ ಒಂದು ವಿಧಾನ ತಂದಿದ್ದರು. ವರ್ಜಿಲ್ ಗ್ಲಿಗೋರ್ ಮತ್ತು ಪೊಂಪಿಲಿಯು ಡೊನೆಸ್ಕು ಇನ್ನೊಂದು ತಂದಿದ್ದರು. ಎಲ್ಲರೂ ಪೇಟೆಂಟ್ ಹಾದಿ ಹಿಡಿದಿದ್ದರು. ರೋಗವೇ ತಮ್ಮದನ್ನು ಬಿಟ್ಟುಕೊಡಬಹುದು, ಇನ್ನೊಬ್ಬರದ್ದನ್ನು ಅಲ್ಲ. ವೈ-ಫೈ ಭದ್ರತೆಯ ಮಾನದಂಡ ಬರೆಯುವಾಗ ಮೊದಲು ಒಸಿಬಿಯನ್ನು ಇಟ್ಟುಕೊಂಡು, ಆಮೇಲೆ ಈ ಗೊಂದಲದಿಂದಾಗಿ ಸಿಸಿಎಂ ಎಂಬ ನಿಧಾನದ ಕ್ರಮಕ್ಕೆ ಹೋಗಿದ್ದರು. ಪೇಟೆಂಟ್ ಇಲ್ಲ ಎಂಬುದೇ ಸಿಸಿಎಂನ ದೊಡ್ಡ ಗುಣ.

ಹಾಳೆಗಳ ನಡುವೆ ನಾನು ಕೂತದ್ದು ನೋಡಿ ಅಪ್ಪ ಬಂದರು. "ಎಂತ ಮಗಳೇ ಅದು, ಅಷ್ಟು ಗಹನ?"

ವಿಷಯ ಹೇಳಿದೆ. ಬಳಸಲು ನನಗೆ ಅನುಮತಿ ಉಂಟು, ನನ್ನಿಂದ ಪಡೆದವರಿಗೆ ಅದೇ ಅನುಮತಿ ಸಿಗುತ್ತದೆ ಅಂತ ಹೇಳಲಾಗುವುದಿಲ್ಲ ಎಂದೆ.

ಅಪ್ಪನಿಗೆ ತಕ್ಷಣ ಅರ್ಥವಾಯಿತು. "ಕೆಳಗಿನ ತೋಟದ ದಾರಿ ಹಾಗೆಯೇ ಅಲ್ವಾ," ಎಂದರು.

ಅದು ನನಗೂ ನೆನಪಿತ್ತು. ಅಜ್ಜನ ಕಾಲದಿಂದ ನಾವು ನೆರೆಯವರ ತೋಟದ ನಡುವಿನಿಂದ ಹೋಗುತ್ತಿದ್ದೆವು. ಬಾಯಿಮಾತಿನ ಒಪ್ಪಿಗೆ. ಒಂದು ದಿನವೂ ಜಗಳ ಇಲ್ಲ. ಅಕ್ಕನ ಮದುವೆಯ ಸಮಯ ಕೆಳಗಿನ ಐವತ್ತು ಸೆಂಟ್ಸ್ ಮಾರಲು ಹೊರಟಾಗ ಬಂದವರು ಮೊದಲು ಕೇಳಿದ್ದು, ದಾರಿ ಪತ್ರದಲ್ಲಿ ಬರೆದಿದೆಯಾ ಅಂತ. ಬರೆದಿರಲಿಲ್ಲ. ಒಪ್ಪಿಗೆ ಇದ್ದದ್ದು ನಮಗೆ, ಜಾಗಕ್ಕಲ್ಲ. "ನಾವು ಇರುವಷ್ಟು ದಿನ ತೊಂದರೆ ಇಲ್ಲ. ಕೊಡುವಾಗಲೇ ಗೊತ್ತಾಗುವುದು," ಎಂದರು ಅಪ್ಪ. ಆಗ ಕೊನೆಗೆ ನಾವು ನಮ್ಮದೇ ಜಾಗದ ಅಂಚಿನಲ್ಲಿ, ಸ್ವಲ್ಪ ಸುತ್ತಾದರೂ, ಬೇರೆ ದಾರಿ ಕಡಿಸಿದ್ದೆವು.

ಅವತ್ತು ರಾತ್ರಿಯೇ ಒಸಿಬಿ ತೆಗೆಯುವುದು ಅಂತ ನಿಶ್ಚಯ ಮಾಡಿದೆ.

ನಿಶ್ಚಯ ಮಾಡಿದ ಮೇಲೂ ನಡುವೆ ಎರಡು ವಾರ ನಿದ್ದೆ ಕೆಟ್ಟಿತು. ಕಾರಣ, ಅಮೆರಿಕದ ಆನ್‌ಲೈನ್ ಅಂಗಡಿ ನ್ಯೂಎಗ್ ಕಂಪನಿಯ ಕಥೆ ಓದಿದ್ದು. ಆರ್‌ಸಿ4 ಎಂಬ ಎನ್‌ಕ್ರಿಪ್ಷನ್ ವಿಧಾನವನ್ನು ವೆಬ್‌ಸೈಟಿನಲ್ಲಿ ಬಳಸಿದ್ದಕ್ಕೆ ಟಿಕ್ಯುಪಿ ಎಂಬ ಕಂಪನಿ ನೂರಾರು ಸಂಸ್ಥೆಗಳ ಮೇಲೆ ದಾವೆ ಹಾಕಿತ್ತು. ಆರ್‌ಸಿ4ಕ್ಕೆ ಅದನ್ನು ಸೃಷ್ಟಿಸಿದವರು ಪೇಟೆಂಟ್ ಮಾಡಿಯೇ ಇರಲಿಲ್ಲ. ದಾವೆ ಬಂದದ್ದು ಬೇರೆ ಯಾರದ್ದೋ 1995ರ ಪೇಟೆಂಟ್‌ನಿಂದ. ಹೆಚ್ಚಿನವರು ದುಡ್ಡು ಕೊಟ್ಟು ಬಗೆಹರಿಸಿಕೊಂಡರು. ನ್ಯೂಎಗ್ ಟೆಕ್ಸಾಸಿನ ಕೋರ್ಟಿನಲ್ಲಿ ಎದುರಿಸಿತು. ಪಬ್ಲಿಕ್ ಕೀ (ಮುಚ್ಚಲು ಬಹಿರಂಗ ಕೀಲಿ, ತೆರೆಯಲು ಗುಟ್ಟಿನ ಕೀಲಿ) ವಿಧಾನವನ್ನು ಜಗತ್ತಿಗೆ ಕೊಟ್ಟವರಲ್ಲಿ ಒಬ್ಬರಾದ ವಿಟ್‌ಫೀಲ್ಡ್ ಡಿಫಿ ಸ್ವತಃ ಸಾಕ್ಷಿ ಹೇಳಿದರು. ಆದರೂ 2013ರ ನವೆಂಬರ್‌ನಲ್ಲಿ ಜ್ಯೂರಿ 23 ಲಕ್ಷ ಡಾಲರ್ ಕೊಡಿ ಎಂದಿತು. 2015ರಲ್ಲಿ ನ್ಯಾಯಾಧೀಶರು ಆ ತೀರ್ಪನ್ನು ತಳ್ಳಿಹಾಕಿದರು. ಅಷ್ಟರವರೆಗೆ ಹೋರಾಡಲು ಕಂಪನಿಗೆ ಶಕ್ತಿ ಇತ್ತು. ಹಳ್ಳಿಯ ಉಳಿತಾಯ ಗುಂಪು ನಡೆಸುವ ಸಣ್ಣ ಸಂಸ್ಥೆಗೆ ಎಲ್ಲಿಂದ?

ಫೋನಿನಲ್ಲಿ ಏಜೆಂಟ್ ಮೇಡಂ ಸಮಾಧಾನವಾಗಿ ಹೇಳಿದರು: "ಯಾರೂ ಎಲ್ಲಿಯೂ ಏನೂ ಕೇಳುವುದಿಲ್ಲ ಅಂತ ನಾನಾಗಲಿ ನೀವಾಗಲಿ ಬರೆದುಕೊಡಲು ಆಗುವುದಿಲ್ಲ. ನೀವು ಏನು ನೋಡಿದಿರಿ, ಯಾವತ್ತು ನೋಡಿದಿರಿ, ಯಾಕೆ ಇದನ್ನು ಆರಿಸಿದಿರಿ, ಅಷ್ಟನ್ನು ಪ್ರಾಮಾಣಿಕವಾಗಿ ಬರೆಯಿರಿ." ಅದನ್ನು ಹಾಗೆಯೇ ಪಾಲಿಸಿದೆ.

ಒಸಿಬಿಯ ಜಾಗಕ್ಕೆ ಚಾಚಾ20-ಪಾಲಿ1305 ತಂದೆ. ಎರಡೂ ಡ್ಯಾನಿಯಲ್ ಬರ್ನ್‌ಸ್ಟೈನ್ ಅವರದ್ದು. ಪಾಲಿ1305 ಬಂದದ್ದು 2005ರಲ್ಲಿ, ಚಾಚಾ 2008ರಲ್ಲಿ. ಇಪ್ಪತ್ತು ವರ್ಷದ ಲೆಕ್ಕಕ್ಕೆ ಆಗ ಇನ್ನೂ ಬರುತ್ತಿರಲಿಲ್ಲ ನಿಜ. ಆದರೆ ಅವರು ಪೇಟೆಂಟ್ ಮಾಡಿಲ್ಲ, ಇಂಟರ್ನೆಟ್ ಮಾನದಂಡವಾಗಿ 2015ರಿಂದಲೇ ಇದೆ, ದೊಡ್ಡ ದೊಡ್ಡವರೆಲ್ಲ ಬಹಿರಂಗವಾಗಿ ಬಳಸುತ್ತಿದ್ದಾರೆ. ಎಇಎಸ್ ಅನ್ನು ಬೇಗ ಓಡಿಸುವ ವಿಶೇಷ ಹಾರ್ಡ್‌ವೇರ್ ಇಲ್ಲದ ಅಗ್ಗದ ಫೋನಿನಲ್ಲಿ ಇದು ಚುರುಕು. ಅಮ್ಮನ ಹಳೆಯ ಫೋನಿನಲ್ಲಿ ಮೂರು ವರ್ಷದ ಲೆಕ್ಕವನ್ನು ಮುಚ್ಚಿ ತೆರೆದು ನೋಡಿದೆ. ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ನಾನೇ ಬರೆಯಲು ಹೋಗದೆ ಲಿಬ್‌ಸೋಡಿಯಂ ಲೈಬ್ರರಿಯಿಂದ ತೆಗೆದುಕೊಂಡೆ.

ಕಷ್ಟವಾದದ್ದು ಹಳೆಯ ಫೈಲುಗಳದ್ದು. ಮೂವತ್ತೊಂದು ಕೂಟಗಳು ಆ್ಯಪ್ ಬಳಸುತ್ತಿದ್ದವು. ಬದಿಯಡ್ಕ, ಪೆರ್ಲ, ಕುಂಬಳೆ, ಮುಳ್ಳೇರಿಯ ಕಡೆ ಹರಡಿಕೊಂಡಿದ್ದವು. ಅವರ ಬ್ಯಾಕಪ್ ಎಲ್ಲ ಒಸಿಬಿಯಲ್ಲಿ. ಅದನ್ನು ತೆರೆಯುವ ಕೋಡನ್ನು ಆ್ಯಪ್‌ನಿಂದ ತೆಗೆದರೆ ಲೆಕ್ಕ ಹೋಯಿತು. ಇಟ್ಟರೆ ಪೇಟೆಂಟ್ ವಿಷಯ ಅಲ್ಲೇ ಉಳಿಯಿತು. ಕೊನೆಗೆ ಹಳೆಯದನ್ನು ತೆರೆದು ಹೊಸದಾಗಿ ಮುಚ್ಚುವ ಒಂದು ಪುಟ್ಟ ಟೂಲನ್ನು ಬೇರೆಯೇ ಮಾಡಿದೆ. ಅದನ್ನು ಓಪನ್ ಸೋರ್ಸ್ ಆಗಿಯೇ, ರೋಗವೇ ಅವರ ಅನುಮತಿಪತ್ರದ ಜೊತೆ ಇಟ್ಟೆ. ಮುಖ್ಯ ಆ್ಯಪ್‌ನಲ್ಲಿ ಒಸಿಬಿಯ ಒಂದು ಸಾಲೂ ಉಳಿಯಲಿಲ್ಲ.

ಲಾಕ್‌ಡೌನ್ ಸಡಿಲವಾದ ಮೇಲೆ ಮಾಸ್ಕ್ ಹಾಕಿ ಸ್ಕೂಟರಿನಲ್ಲಿ ಮನೆ ಮನೆಗೆ ಹೋದೆ. ಹೆಚ್ಚಿನ ಕಡೆ ಹತ್ತು ನಿಮಿಷದ ಕೆಲಸ. ಪೆರ್ಲದ ಹತ್ತಿರ ಒಬ್ಬರು ಅಜ್ಜಿ, ಕೂಟದ ಅಧ್ಯಕ್ಷೆ, ಪಾಸ್‌ವರ್ಡ್ ಮರೆತಿದ್ದರು. ಮರೆತರೆ ನಾನೂ ಏನೂ ಮಾಡಲಾಗದು. ಬೀಗ ಅಂದರೆ ಹಾಗೆಯೇ. ಜಗಲಿಯಲ್ಲಿ ಕುಳಿತು ಮಕ್ಕಳ ಹೆಸರು, ಮನೆಯ ಹೆಸರು ಎಲ್ಲ ಹಾಕಿ ನೋಡಿದರು. ಆಗಲಿಲ್ಲ. ಹಟ್ಟಿಯಿಂದ ದನ ಕೂಗಿತು. ಅಜ್ಜಿ ಒಮ್ಮೆ ಆ ಕಡೆ ತಿರುಗಿ, ಮೆಲ್ಲ ಒಂದೊಂದೇ ಅಕ್ಷರ ಒತ್ತಿದರು. ತೆರೆಯಿತು. "ನೀನು ನೋಡಿದ್ದಿಲ್ಲ ಅಲ್ಲ ಮಗಳೇ?" ಎಂದು ಕೇಳಿದರು. ನೋಡಿಲ್ಲ ಅಜ್ಜೀ ಎಂದೆ. ನಿಜವಾಗಿಯೂ ನೋಡಿರಲಿಲ್ಲ.

ಲೈಸೆನ್ಸ್ ಬದಲಿಸುವುದು ಕೊನೆಯ ಕೆಲಸ. ಎಂಐಟಿ ಲೈಸೆನ್ಸ್‌ನಲ್ಲಿ ಪೇಟೆಂಟ್ ಎಂಬ ಪದವೇ ಇಲ್ಲ. 2004ರ ಅಪಾಚೆ 2.0ದಲ್ಲಿ ಅದಕ್ಕೆಂದೇ ಒಂದು ಕಲಂ ಉಂಟು. ಕೋಡ್ ಕೊಟ್ಟವರೆಲ್ಲ ಆ ಕೋಡಿಗೆ ತಾಗುವ ತಮ್ಮ ಪೇಟೆಂಟ್‌ಗಳ ಅನುಮತಿಯನ್ನೂ ಬಳಕೆದಾರರಿಗೆ ಕೊಟ್ಟ ಹಾಗೆ. ಯಾರಾದರೂ ಈ ಸಾಫ್ಟ್‌ವೇರ್ ತಮ್ಮ ಪೇಟೆಂಟ್ ಉಲ್ಲಂಘಿಸಿದೆ ಎಂದು ದಾವೆ ಹಾಕಿದರೆ ಅವರಿಗೆ ಸಿಕ್ಕ ಪೇಟೆಂಟ್ ಅನುಮತಿ ರದ್ದು. ಹೊರಗಿನ ಮೂರನೆಯವರ ಪೇಟೆಂಟ್‌ನಿಂದ ಇದು ಕಾಪಾಡುವುದಿಲ್ಲ. ಅದನ್ನು ನನ್ನ ಉತ್ತರದಲ್ಲಿ ಸ್ಪಷ್ಟವಾಗಿ ಬರೆದೆ. ಎಂಐಟಿಯ ಹಳೆಯ ಕೋಡನ್ನು ಅದರ ಸೂಚನೆ ಉಳಿಸಿಕೊಂಡು ಅಪಾಚೆಯೊಳಗೆ ಸೇರಿಸಲು ಯಾರನ್ನೂ ಕೇಳಬೇಕಿಲ್ಲ. ಆದರೆ ಪೇಟೆಂಟ್ ಮಾತು ಕೊಡಬೇಕಾದವರು ಕೋಡ್ ಕೊಟ್ಟವರೇ. ಹಾಗಾಗಿ ನನ್ನ ಆ್ಯಪ್‌ಗೆ ಕೋಡ್ ಬರೆದುಕೊಟ್ಟಿದ್ದ ನಾಲ್ಕು ಜನರನ್ನೂ ಕೇಳಿದೆ. ಮೂವರು ಅದೇ ದಿನ ಒಪ್ಪಿದರು. ನಾಲ್ಕನೆಯವನು ಕುಂಬಳೆಯ ಹುಡುಗ, ಬಡ್ಡಿ ಲೆಕ್ಕದ ಭಾಗ ಬರೆದವನು. ಅವನ ಹಳೆಯ ಮೇಲ್ ಸತ್ತಿತ್ತು. ಅವನ ಅತ್ತೆ ಅಮ್ಮನ ಪರಿಚಯ. ಗಲ್ಫಿನ ನಂಬರ್ ಸಿಕ್ಕಿತು. "ಅಕ್ಕಾ, ಅದು ಇನ್ನೂ ನಡೀತಾ ಉಂಟಾ?" ಎಂದು ಸಂತೋಷಪಟ್ಟು, ಅವತ್ತು ರಾತ್ರಿಯೇ ಬರೆದು ಕಳಿಸಿದ.

2020ರ ಜುಲೈಯಲ್ಲಿ ಉತ್ತರ ಕಳಿಸಿದೆ. ತಾರೀಖಿನ ಫೈಲ್, ಕ್ಲೇಮಿನ ಹಾಳೆಯ ಪ್ರತಿ, ಬದಲಿಸಿದ ಕೋಡ್, ಎಲ್ಲ ಸೇರಿಸಿ. ಅವರ ವಕೀಲರು ಎರಡು ಸಣ್ಣ ಪ್ರಶ್ನೆ ಕೇಳಿದರು. ಆಮೇಲೆ ಅವರು ಬಳಸಲು ಶುರು ಮಾಡಿದರು.

2021ರಲ್ಲಿ ರೋಗವೇ ತಮ್ಮ ಒಸಿಬಿ ಪೇಟೆಂಟ್‌ಗಳನ್ನೆಲ್ಲ ಕೈಬಿಟ್ಟರು. ಅದನ್ನು ಓದಿದ ದಿನ ಆ ಸಾಲಿನ ಎದುರು ವರ್ಷ ಬರೆದೆ. ಒಸಿಬಿಯನ್ನು ಮತ್ತೆ ತರಲಿಲ್ಲ. ಸುತ್ತಿನ ದಾರಿ ಅಷ್ಟರಲ್ಲಿ ಎಲ್ಲರಿಗೂ ರೂಢಿಯಾಗಿತ್ತು.

ಈಗ ಆ ಫೈಲಿನಲ್ಲಿ ಹೊಸ ಸಾಲೊಂದು ಸೇರಿದೆ. ಕ್ವಾಂಟಮ್ ಕಂಪ್ಯೂಟರ್ ಬಂದರೂ ತಾಳುವ ಕೀಲಿ ಒಪ್ಪಂದ, ಕೈಬರ್. ಎರಡು ಕಡೆಯವರ ಪೇಟೆಂಟ್‌ಗಳು ಅದಕ್ಕೆ ಅಡ್ಡ ಬರುವ ಹಾಗಿದ್ದವು, ಒಂದು ಫ್ರಾನ್ಸಿನ ಸಂಶೋಧಕರದ್ದು, ಇನ್ನೊಂದು ಜಿಂಟಾಯ್ ಡಿಂಗ್ ಅವರದ್ದು. 2022ರಲ್ಲಿ ನಿಸ್ಟ್ ಇಬ್ಬರೊಡನೆಯೂ ಒಪ್ಪಂದ ಮಾಡಿಕೊಂಡಿತು. 2024ರ ಆಗಸ್ಟ್ 13ರಂದು ಮಾನದಂಡ ಹೊರಬಂತು. ಆ ಅನುಮತಿ ಮಾನದಂಡದಂತೆ ಬರೆದ ಕೋಡಿಗೆ ಸಿಗುತ್ತದೆ. ಅದರಲ್ಲಿ ಸ್ವಲ್ಪ ಬದಲಿಸಿಕೊಂಡರೆ ಏನು? ಒಪ್ಪಂದದ ಮಾತುಗಳನ್ನು ಪ್ರಿಂಟ್ ತೆಗೆದು ಮತ್ತೆ ಅದೇ ಜಗಲಿಯಲ್ಲಿ ಕುಳಿತಿದ್ದೆ.

ಅಮ್ಮ ಲೆಕ್ಕದ ಫೋನ್ ಹಿಡಿದು ಹೊರಗೆ ಬಂದರು. "ಹೊಸ ಬೀಗವಾ?"

"ಹಾಕಿಲ್ಲ ಅಮ್ಮಾ. ಯಾರದ್ದು, ಯಾರಿಗೆಲ್ಲ ಕೊಡಬಹುದು ಅಂತ ನೋಡ್ತಾ ಇದ್ದೇನೆ."

"ಸರಿ, ನೋಡು. ನಾಳೆ ಕೂಟ ನಮ್ಮಲ್ಲಿಯೇ ಉಂಟು, ಹಾಳೆ ಎಲ್ಲ ಸಂಜೆಯೊಳಗೆ ತೆಗೆದಿಡು," ಎಂದು ಹೇಳಿ ಚಾಪೆಯ ತುದಿಯಲ್ಲಿ ಕುಳಿತು ಕಂತುಗಳನ್ನು ಬರೆಯತೊಡಗಿದರು.